ಹೊಳೆಯದ ನೆಲ

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ನಮ್ಮ ವರ್ಕ್‌ಶಾಪಿಗೆ ಒಂದು ಸಲ ಬಂದುಹೋದ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಗಳುವುದಂತೂ ನನಗೆ ಬರುವುದೇ ಇಲ್ಲ. ಯಾರಾದರೂ ಚೆನ್ನಾಗಿ ಕೆಲಸ ಮಾಡಿದರೆ 'ಹೂಂ, ಪರವಾಗಿಲ್ಲ' ಎನ್ನುತ್ತೇನೆ, ನನ್ನ ಬಾಯಿಂದ ಬರುವ ದೊಡ್ಡ ಬಿರುದು ಅದೇ. ಅಂಥ ನಾನು ಒಬ್ಬರನ್ನು ಹೊಗಳಲಿಕ್ಕೆಂದೇ ಇವತ್ತು ಕೂತು ಬರೆಯುತ್ತಿದ್ದೇನೆ. ಒಂಬತ್ತು ವರ್ಷ ತಡವಾಗಿದೆ. ತಡವಾದದ್ದಕ್ಕೆ ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಅವರು ನೆಲದ ಕೆಲಸದವರು. ಕಲ್ಲು, ಟೈಲ್ಸು ಹಾಸುವವರಲ್ಲ. ಕಾಂಕ್ರೀಟ್ ನೆಲದ ಮೇಲೆ ರೆಸಿನ್ ಎಂಬ ಅಂಟುದ್ರವ ಸುರಿದು, ಹರಡಿ, ಚರ್ಮದಂತೆ ಅಂಟಿಕೊಳ್ಳುವ ಒಂದು ಪದರ ಕೂರಿಸುವವರು. ಅವರಿಗೊಂದು ಒಳ್ಳೆಯ ಹೆಸರಿದೆ, ಆದರೆ ಅದು ಅವರ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಏನು ಕೇಳಿದರೂ ಮೊದಲು 'ತಡೀರಿ' ಎನ್ನುವುದು ಅವರ ಅಭ್ಯಾಸ. ಅದಕ್ಕೇ ನಾವು ಅವರಿಗೆ ತಡೀರಪ್ಪ ಎಂದು ಹೆಸರಿಟ್ಟೆವು. ಬೆನ್ನ ಹಿಂದೆ ಕರೆಯುತ್ತಿದ್ದದ್ದು ಮೂರೇ ದಿನಕ್ಕೆ ಎದುರಿಗೇ ಬಂದುಬಿಟ್ಟಿತು. ನಾನು ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ, "ಹೋದ ಕಡೆ ಇದಕ್ಕಿಂತ ಕೆಟ್ಟದಾಗಿ ಕರೀತಿದ್ರು ಬಿಡಿ" ಎಂದರು.

ನಮ್ಮದು ಕೃತಕ ಕಾಲು ಮಾಡುವ ವರ್ಕ್‌ಶಾಪು. ಎರಡೇ ಕೋಣೆ. ಹಿಂದಿನದರಲ್ಲಿ ಪ್ಲಾಸ್ಟರು, ಗರಗಸ, ಪ್ಲಾಸ್ಟಿಕ್ ಕಾಯಿಸುವ ಒಲೆ, ಗೋಡೆಯುದ್ದಕ್ಕೂ ನೇತುಹಾಕಿದ ರಬ್ಬರಿನ ಪಾದಗಳು. ಮುಂದಿನದು ಉದ್ದನೆಯ ಕೋಣೆ, ಅದರಲ್ಲಿ ಸೊಂಟದೆತ್ತರಕ್ಕೆ ಎರಡು ಕಬ್ಬಿಣದ ಕಂಬಿಗಳು. ಹೊಸ ಕಾಲು ಹಾಕಿಕೊಂಡವರು ಆ ಕಂಬಿಗಳ ನಡುವೆ ಎರಡೂ ಕೈ ಊರಿಕೊಂಡು ಮೊದಲ ಹೆಜ್ಜೆ ಇಡುತ್ತಾರೆ. ದಪ್ಪ ಮೀಸೆಯ ಗಂಡಸರು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಿದ್ದೇನೆ. "ಅಳೋದು ಆಮೇಲೆ, ಮೊದ್ಲು ಹಿಮ್ಮಡಿ ಊರಿ" ಎಂದು ನಾನು ಗದರುತ್ತೇನೆ. ಗದರದಿದ್ದರೆ ನನಗೂ ಅಳು ಬರುತ್ತದೆ.

ಆ ಉದ್ದ ಕೋಣೆ ಮೊದಲು ಯಾರದೋ ಗೋದಾಮಾಗಿತ್ತು. ಕಾಂಕ್ರೀಟ್ ನೆಲ, ಅದೂ ಯಾವ ಕಾಲದ್ದೋ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೂದಿಯಂಥ ಪುಡಿ ಏಳುತ್ತಿತ್ತು. ಕಂಬಿ ಮುಗಿಯುವ ಕಡೆ ಅಂಗೈಯಗಲದ ಒಂದು ಗುಂಡಿ ಬಿದ್ದಿತ್ತು. ಸಿಮೆಂಟು ಮೆತ್ತಿದೆ, ಕಿತ್ತುಬಂತು. ಮತ್ತೆ ಮೆತ್ತಿದೆ, ಮತ್ತೆ ಕಿತ್ತುಬಂತು. ಆಮೇಲೆ ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು ಎಂದು ತಳ್ಳುತ್ತ ಬಂದೆ. ಆ ತಪ್ಪು ನನ್ನದು, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಆ ಗುಂಡಿಗೆ ಕಾಲು ಸಿಕ್ಕಿ ಬಿದ್ದದ್ದು ನನ್ನ ಚಿಕ್ಕಮ್ಮ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಆವತ್ತಿನಿಂದ ನನ್ನನ್ನು ಸಾಕಿದವಳು ಇವಳೇ. ಬಟ್ಟೆ ಹೊಲಿದು ಸಾಕಿದಳು, ಹೊಲಿದು ಓದಿಸಿದಳು. ಹೊಲಿಗೆ ಯಂತ್ರದ ಪೆಡಲು ತುಳಿಯುವ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹಾಗೆ ತುಳಿದ ಎರಡು ಕಾಲುಗಳಲ್ಲಿ ಎಡಗಾಲನ್ನು ಸಕ್ಕರೆ ಕಾಯಿಲೆ ತಿಂದುಹಾಕಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಜಗತ್ತಿಗೆಲ್ಲ ಕಾಲು ಮಾಡಿಕೊಡುವ ನಾನು ಅವಳಿಗೂ ಒಂದು ಮಾಡಿದೆ. ಅದುವರೆಗೆ ಮಾಡಿದ ಕಾಲುಗಳಲ್ಲೆಲ್ಲ ಅದೇ ಚೆನ್ನಾಗಿ ಬಂದದ್ದು, ಇದರಲ್ಲಿ ಸುಳ್ಳು ವಿನಯ ಬೇಡ.

ಮೂರು ದಿನ ಕಂಬಿ ಹಿಡಿದು ನಡೆದಳು. ನಾಲ್ಕನೇ ದಿನ ರಬ್ಬರ್ ಪಾದದ ತುದಿ ಆ ಗುಂಡಿಯ ಅಂಚಿಗೆ ತಗುಲಿ ಮುಗ್ಗರಿಸಿದಳು. ಮೂಳೆಗೇನೂ ಆಗಲಿಲ್ಲ. ಆದರೆ ಆವತ್ತು ಗಾಲಿಕುರ್ಚಿಯಲ್ಲಿ ಕೂತವಳು ಜಪ್ಪಯ್ಯ ಎಂದರೂ ಏಳಲಿಲ್ಲ. ಮನೆಯಲ್ಲಿ ನಡೆಸಲು ನೋಡಿದೆ, ಆಸ್ಪತ್ರೆಯಲ್ಲಿ ನೋಡಿದೆ. ಊಹೂಂ.

"ನಿನ್ನ ಕಾಲಿನ ಮೇಲೆ ನಂಗೆ ದೂರಿಲ್ಲ ಕಣೇ" ಎಂದಳು. "ನೆಲದ ಮೇಲೆ ನಂಬಿಕೆ ಹೋಗಿದೆ. ಮೊದ್ಲು ಆ ನೆಲ ಸರಿ ಮಾಡು. ಬಿದ್ದ ಜಾಗದಲ್ಲೇ ಎದ್ದು ನಿಲ್ತೀನಿ. ಬೇರೆಲ್ಲೂ ಇಲ್ಲ."

ಡಾಕ್ಟರು ಅವಳ ಮೊಣಕಾಲನ್ನು ಮಡಚಿ ಬಿಡಿಸಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಕೀಲು ಬಿಗಿಯುತ್ತಿದೆ, ಇನ್ನೆರಡು ತಿಂಗಳಲ್ಲಿ ನಡೆಯದಿದ್ದರೆ ಆಮೇಲೆ ಅವಳೇ ಬೇಕೆಂದರೂ ನಡೆಯಲಾಗುವುದಿಲ್ಲ ಎಂದರು. ಎರಡು ತಿಂಗಳು. ಆ ಲೆಕ್ಕ ನನ್ನ ತಲೆಯಲ್ಲಿ ಗಡಿಯಾರವಾಗಿ ಕೂತಿತು.

ನಾನು ಅಂಗಡಿ ಅಂಗಡಿ ಅಲೆದೆ. ಬಣ್ಣದ ಅಂಗಡಿಯವನು ನೆಲದ ಪೇಂಟು ಎರಡು ಕೋಟು ಬಳಿಯಿರಿ, ಸಾಕು ಎಂದ. ಬಳಿದದ್ದು ಆರು ತಿಂಗಳಿಗೆ ಸಿಪ್ಪೆ ಏಳುತ್ತದೆಂದು ನನಗೇ ಗೊತ್ತಿತ್ತು. ಇನ್ನೊಬ್ಬ ಟೈಲ್ಸು ಎಂದ. ಟೈಲ್ಸಿಗೆ ಸಂದುಗಳಿರುತ್ತವೆ, ಕೃತಕ ಪಾದದ ತುದಿಗೆ ಒಂದು ಸಂದು ಸಾಕು. ಕೊನೆಗೆ ಸಂದೇ ಇಲ್ಲದ ಹಾಗೆ ಹರಡುವ ಎಪಾಕ್ಸಿ ರೆಸಿನ್ ಹಾಕಿಸೋಣ ಎಂದುಕೊಂಡೆ. ರೆಸಿನ್ ಎಂದರೆ ನನಗೆ ಹೊಸದಲ್ಲ. ಪ್ಲಾಸ್ಟರಿನ ಅಚ್ಚಿಗೆ ಬಟ್ಟೆ ಹೊದಿಸಿ ರೆಸಿನ್ ಕುಡಿಸಿ, ಕತ್ತರಿಸಿ ಉಳಿದ ಕಾಲು ಕೂರುವ ಬಟ್ಟಲು ಮಾಡುವುದು ನನ್ನ ನಿತ್ಯದ ಕೆಲಸ. ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆ ಲೆಕ್ಕದಲ್ಲಿ ಇಡೀ ಕೋಣೆಗೆ ಎರಡು ದಿನ ಎಂದುಕೊಂಡು ತಡೀರಪ್ಪನವರಿಗೆ ಫೋನು ಮಾಡಿದೆ.

ಗಂಡ ಹೆಂಡತಿ ಇಬ್ಬರೂ ಬಂದರು. ಅವರ ಪದ್ಧತಿಯೇ ಹಾಗೆ, ಕಲಸುವುದು ಹೆಂಡತಿ, ಹರಡುವುದು ಗಂಡ. ಆಕೆ ಕೈಗೆ ಗಂಡಸರ ದೊಡ್ಡ ಗಡಿಯಾರ ಕಟ್ಟಿಕೊಂಡಿದ್ದರು. ತಡೀರಪ್ಪನವರು ಅರವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ಎರಡೂ ಮೊಣಕಾಲಿನ ಮೇಲೆ ಎಮ್ಮೆಯ ಚರ್ಮದಂತೆ ದಡ್ಡುಗಟ್ಟಿದ ತೇಪೆ. ನಲವತ್ತು ವರ್ಷ ಮಂಡಿಯೂರಿ ಕೆಲಸ ಮಾಡಿದ ಗುರುತು. ಕೆಳಗೆ ಕೂತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಅವರ ಚೀಲದಲ್ಲಿ ಇದ್ದದ್ದು ಒಂದು ಸಣ್ಣ ಸುತ್ತಿಗೆ, ಒಂದು ಬಾಟಲಿ ನೀರು, ಒಂದಷ್ಟು ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ.

ಚಪ್ಪಲಿ ಬಾಗಿಲಲ್ಲೇ ಬಿಟ್ಟು ಕೋಣೆಯನ್ನೆಲ್ಲ ಬರಿಗಾಲಲ್ಲಿ ಸುತ್ತಿದರು. ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ನೀರು ಚೆಲ್ಲಿ ನೆಲ ಅದನ್ನು ಎಷ್ಟು ಬೇಗ ಕುಡಿಯುತ್ತದೆಂದು ನೋಡಿದರು. ಕಿಟಕಿಯಿಂದ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಹಿಂದಿನ ಕೋಣೆಯಲ್ಲಿ ಥಿನ್ನರು ಚೆಲ್ಲುತ್ತದೆಯೇ, ಕಾದ ಪ್ಲಾಸ್ಟಿಕ್ ಬೀಳುತ್ತದೆಯೇ ಎಂದೆಲ್ಲ ಕೇಳಿದರು.

"ಯಾವಾಗ ಶುರು ಮಾಡ್ತೀರಾ?" ಎಂದೆ.

"ತಡೀರಿ."

ಆರು ಕಡೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತಲೂ ಅಂಟುಪಟ್ಟಿ ಬಿಗಿದು ಹೋದರು. ಮರುದಿನ ಬಂದು ಒಂದೊಂದನ್ನೇ ಕಿತ್ತರು. ಐದು ಹಾಳೆಗಳು ಒಣಗಿದ್ದವು. ಕೈ ತೊಳೆಯುವ ತೊಟ್ಟಿಯ ಪಕ್ಕದ ಹಾಳೆಯ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ನೀರಿನ ಹನಿಗಳು.

"ಪೈಪು ಒಳಗೇ ಸೋರ್ತಾ ಇದೆ. ರಿಪೇರಿ ಮಾಡ್ಸಿ. ನೆಲ ಒಣಗ್ಲಿ, ಆಮೇಲೆ ಬರ್ತೀನಿ."

"ಒಣಗೋಕೆ ಎಷ್ಟು ದಿನ?"

"ಅದನ್ನ ನೆಲ ಹೇಳ್ಬೇಕು, ನಾನಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ನಾನೂ ರೆಸಿನ್ ಕೆಲ್ಸ ಮಾಡೋಳೇ, ನಂಗೆ ಪಾಠ ಹೇಳ್ಬೇಡಿ. ಒಂದು ಮೂಲೆ ಸ್ವಲ್ಪ ಹಸಿ ಇದ್ರೆ ಏನಾಗುತ್ತೆ? ನಂಗೆ ಟೈಮಿಲ್ಲ!" ಎಂದು ಕೂಗಾಡಿದೆ. ದಿನವೂ ನನ್ನ ಜೊತೆ ವರ್ಕ್‌ಶಾಪಿಗೆ ಬಂದು ಕುರ್ಚಿಯಲ್ಲಿ ಕೂತಿರುತ್ತಿದ್ದ ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ನಾನು ಕೂಗಾಡಿದಾಗಲೆಲ್ಲ ಅವಳು ಹಾಗೇ ಮಾಡುವುದು.

ತಡೀರಪ್ಪನವರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. ಹೊಸದರಲ್ಲಿ ಒಂದು ಹಾಲಿನ ಘಟಕದಲ್ಲಿ ನೆಲ ಹಾಸಿದ್ದರಂತೆ. ಅಲ್ಲಿಯ ಮ್ಯಾನೇಜರು ನನ್ನ ಹಾಗೆಯೇ ಅವಸರದವನು. ಹಸಿ ಕಾಂಕ್ರೀಟಿನ ಮೇಲೆ ಇವರು ಎಪಾಕ್ಸಿ ಎಳೆದರು. ಮೂರು ತಿಂಗಳಿಗೆ ಕೆಳಗಿನ ತೇವ ಮೇಲೆ ಒತ್ತಿ, ಸುಟ್ಟ ಗಾಯದ ಹಾಗೆ ನೆಲವೆಲ್ಲ ಬೊಬ್ಬೆ. ಕ್ಯಾನು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಒಡೆದ ಬೊಬ್ಬೆಗೆ ಕಾಲು ತಗುಲಿ ಬಿದ್ದು ಮುಂಗೈ ಮುರಿದುಕೊಂಡಳು.

"ಆ ಹೆಂಗಸು ನನ್ನ ಬೈಲಿಲ್ಲ. ಬೈದಿದ್ರೆ ಮರೀತಿದ್ನೋ ಏನೋ" ಎಂದರು. "ಆವತ್ತಿಂದ ನಾನು ಯಾರ ಅವಸರಕ್ಕೂ ನೆಲ ಹಾಸಲ್ಲ, ಅಮ್ಮಾ. ಬೇರೆಯವರನ್ನ ಕರೆದ್ರೆ ಖಂಡಿತ ಬೇಜಾರಿಲ್ಲ."

ಚಿಕ್ಕಮ್ಮ ಗೋಡೆಯ ಕಡೆಯಿಂದ ಮುಖ ಈಚೆಗೆ ತಿರುಗಿಸಿದಳು. "ಇವರೇ ಮಾಡ್ಲಿ" ಎಂದಳು.

ಪೈಪು ಸರಿಯಾಯಿತು. ನೆಲ ಒಣಗಲು ಹದಿನೆಂಟು ದಿನ ಹಿಡಿಯಿತು. ಪ್ರತಿ ಮೂರನೇ ದಿನ ಬಂದು ಹಾಳೆ ಕಿತ್ತು ನೋಡಿ ಹೋಗುತ್ತಿದ್ದರು. ಆ ಹದಿನೆಂಟು ದಿನ ನಾನು ಅವರ ಜೊತೆ ಒಂದೇ ಒಂದು ಸಿಹಿ ಮಾತಾಡಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರ ಹೆಂಡತಿ ಮಾತ್ರ ಚಿಕ್ಕಮ್ಮನ ಪಕ್ಕ ಕೂತು ಹರಟುತ್ತಿದ್ದರು. "ನಮ್ಮನೆಯೋರು ಮದುವೆಗೆ ಹೂಂ ಅನ್ನೋಕೇ ಒಂದು ವರ್ಷ ತಡೀರಿ ಅಂದಿದ್ರು" ಎಂದು ಆಕೆ ಹೇಳಿದ್ದಕ್ಕೆ, ಎಷ್ಟೋ ದಿನಗಳ ಮೇಲೆ ಚಿಕ್ಕಮ್ಮ ಬಾಯಿ ತುಂಬ ನಕ್ಕಳು.

ಆ ನಡುವೆ ತಡೀರಪ್ಪನವರು ಮೂರು ಬಗೆಯ ಪದರಗಳನ್ನು ಜಗಲಿಯ ಮೇಲೆ ಒಂದೊಂದು ಚೌಕ ಹಾಸಿ, "ಎಲ್ಲಾರೂ ಓಡಾಡಿ, ಉಜ್ಜಿ, ನೀರು ಹಾಕಿ ಜಾರಿ ನೋಡಿ. ನಾನು ಹೇಳಿದ್ದನ್ನ ನಂಬಬೇಡಿ" ಎಂದಿದ್ದರು. ನಾನು ಓಡಾಡಿದೆ, ನಮ್ಮ ಕೆಲಸದವರು ಓಡಾಡಿದರು, ಪ್ಲಾಸ್ಟರ್ ಮೂಟೆ ತಂದವನೂ ಕುಣಿದು ನೋಡಿದ. ಎಲ್ಲರೂ ಒಂದೇ ಬಾಯಲ್ಲಿ ಎರಡನೆಯದು ಎಂದೆವು. ಕೆನೆ ಬಣ್ಣ, ಗಾಜಿನಂಥ ಹೊಳಪು. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಬೆರೆಸಿದ್ದರಿಂದ ನೀರು ಚೆಲ್ಲಿದರೂ ಜಾರುತ್ತಿರಲಿಲ್ಲ. ತಡೀರಪ್ಪನವರಿಗೂ ಒಳಗೊಳಗೇ ಖುಷಿ. ಹೊಳಪು ಅವರ ಹೆಮ್ಮೆ. ಅವರು ಹಾಸಿದ ನೆಲ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂದು ಆ ಕೆಲಸದವರ ನಡುವೆ ಮಾತಿತ್ತಂತೆ.

ನೆಲ ಒಣಗಿದ ಮೇಲೆ ಅವರು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಯಂತ್ರ ಹಿಡಿದು ಪುಡಿಪುಡಿಯಾಗುತ್ತಿದ್ದ ಮೇಲ್ಪದರವನ್ನೆಲ್ಲ ಉಜ್ಜಿ ತೆಗೆದರು. ಗುಂಡಿಯನ್ನು ಚೌಕವಾಗಿ ಕತ್ತರಿಸಿ, ರೆಸಿನ್ನಿನಲ್ಲಿ ಕಲಸಿದ ಗಾರೆ ತುಂಬಿ, ಅಂಗೈ ಆಡಿಸಿ ಅಂಚು ಸಿಗದ ಹಾಗೆ ಮಾಡಿದರು. ಆ ಒಂದು ಗುಂಡಿಗೆ ಅರ್ಧ ದಿನ. ಮೇಲಿನ ಪದರ ಹಿಡಿದುಕೊಳ್ಳಲೆಂದು ಪ್ರೈಮರು ಕುಡಿಸಿದರು. ಆಮೇಲೆ ಹೆಂಡತಿ ಗಡಿಯಾರ ನೋಡಿಕೊಂಡು ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಸುರಿದು ಕಲಸಿ, "ಹೂಂ" ಎನ್ನುತ್ತಿದ್ದ ಹಾಗೆ ಇವರು ಹರಡುತ್ತ ಬಂದರು. ಇಬ್ಬರ ನಡುವೆ ಬೇರೆ ಮಾತಿಲ್ಲ. ಮೂಲೆಯಿಂದ ಬಾಗಿಲವರೆಗೆ ಹಿಂದೆ ಹಿಂದೆ ಸರಿಯುತ್ತ, ಮಂಡಿಯ ಮೇಲೆ, ಒಂದೇ ಉಸಿರಿಗೆ ಮಾಡಿದ ಹಾಗಿತ್ತು. ಏಳು ದಿನ ಯಾರೂ ಕಾಲಿಡಬಾರದು ಎಂದು ಬಾಗಿಲಿಗೆ ಹಗ್ಗ ಕಟ್ಟಿದರು.

ಎಂಟನೆಯ ದಿನ ಹಗ್ಗ ಬಿಚ್ಚಿದರು. ನೆಲ ಕನ್ನಡಿಯಾಗಿತ್ತು. ಕಿಟಕಿ, ಕಂಬಿ, ಮೇಲಿನ ಟ್ಯೂಬ್‌ಲೈಟು ಎಲ್ಲ ತಲೆಕೆಳಗಾಗಿ ಅದರಲ್ಲಿ ನಿಂತಿದ್ದವು. ನನ್ನ ಬಾಯಿಂದ "ಪರವಾಗಿಲ್ಲ" ಎನ್ನುವುದು ಇನ್ನೇನು ಹೊರಡುವುದರಲ್ಲಿತ್ತು. ಚಿಕ್ಕಮ್ಮನಿಗೆ ಕಾಲು ಹಾಕಿ, ಕುರ್ಚಿಯನ್ನು ಕಂಬಿಯ ತಲೆಗೆ ತಂದು ನಿಲ್ಲಿಸಿದೆ.

ಅವಳು ಕಂಬಿ ಹಿಡಿದಳು. ಕೆಳಗೆ ನೋಡಿದಳು. ಕೈ ಬಿಟ್ಟಳು.

"ಒದ್ದೆಯಾಗಿದೆ" ಎಂದಳು.

"ಒದ್ದೆ ಎಲ್ಲಿದೆ? ಹೊಳೀತಾ ಇದೆ ಅಷ್ಟೇ. ಮುಟ್ಟಿ ನೋಡು."

ಬಗ್ಗಿ ಬೆರಳಿನಿಂದ ಮುಟ್ಟಿದಳು. "ಒಣಗಿದೆ."

"ಮತ್ತೆ?"

"ಕೈಗೆ ಗೊತ್ತಾಯ್ತು. ಕಾಲಿಗೆ ಹೇಗೆ ಗೊತ್ತಾಗ್ಬೇಕು?" ಎಂದು ರಬ್ಬರಿನ ಪಾದ ತೋರಿಸಿದಳು. "ಇದಕ್ಕೆ ಒದ್ದೆ ಒಣಗಿದ್ದು ಒಂದೂ ಗೊತ್ತಿಲ್ಲ ಕಣೇ. ನಾನು ಕಣ್ಣಲ್ಲೇ ನಡೀಬೇಕು. ಕಣ್ಣು ಒದ್ದೆ ಅಂತಿದೆ."

ಇಪ್ಪತ್ತೆರಡು ವರ್ಷ ಕಾಲು ಮಾಡಿದವಳು ನಾನು. ಈ ಮಾತು ನನಗೆ ಹೊಳೆದಿರಲಿಲ್ಲ. ಆದರೆ ಆ ಕ್ಷಣದಲ್ಲಿ ನಾಚಿಕೆಯ ಬದಲು ಬಂದದ್ದು ಸಿಟ್ಟು. ದಿನಗಳ ಲೆಕ್ಕ ನನ್ನ ತಲೆಯೊಳಗೆ ಬಡಿಯುತ್ತಿತ್ತು, ಉಳಿದದ್ದು ಮೂರು ವಾರ. "ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ? ನೀನು ನಡೀಬಾರ್ದು ಅಂತಾನೇ ಹಟ ಹಿಡಿದಿದ್ದೀಯ! ನೆವ ಹುಡುಕ್ತಾ ಇದ್ದೀಯ!" ಎಂದು ಎಲ್ಲರ ಎದುರಿಗೇ ಅರಚಿದೆ. ನನ್ನನ್ನು ಸಾಕಿದವಳಿಗೆ ಹಾಗೆಂದೆ. ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ತಲೆ ತಗ್ಗಿಸಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು.

"ತಡೀರಿ" ಎಂದರು ತಡೀರಪ್ಪನವರು. ಈ ಸಲ ಅದನ್ನು ನನಗೆ ಹೇಳಿದ್ದು.

ಇನ್ನೊಂದು ಕುರ್ಚಿ ಎಳೆದುಕೊಂಡು ಚಿಕ್ಕಮ್ಮನ ಪಕ್ಕದಲ್ಲಿ, ಅವಳಷ್ಟೇ ಎತ್ತರಕ್ಕೆ ಕೂತು ನೆಲವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕೆಲಸದವರ ದಪ್ಪ ರಬ್ಬರ್ ಬೂಟು ಕೇಳಿ ತೆಗೆದುಕೊಂಡು, ಒಳಗೆ ಹತ್ತಿ ತುರುಕಿ, ಅದರೊಳಗೆ ಕಾಲಿಟ್ಟು ಎದ್ದು ನಿಂತರು. ಬರಿಗಾಲಲ್ಲಿ ನೆಲ ಓದುವ ಮನುಷ್ಯ ಕಾಲಿಗೆ ಏನೂ ತಿಳಿಯದ ಹಾಗೆ ಮಾಡಿಕೊಂಡು, ಕಂಬಿ ಹಿಡಿದು, ತಾವೇ ಹಾಸಿದ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ, ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದ ಕಡೆ, ಅವರ ಕಾಲು ಗಾಳಿಯಲ್ಲೇ ನಿಂತಿತು.

"ಅಕ್ಕ ಹೇಳೋದು ಸರಿ" ಎಂದರು. "ನಾನು ಎಲ್ಲಾರನ್ನೂ ಓಡಾಡಿ ನೋಡಿ ಅಂದೆ. ಓಡಾಡಿದೋರಿಗೆಲ್ಲ ಎರಡೆರಡು ಸ್ವಂತ ಕಾಲು. ಈ ನೆಲ ಯಾರಿಗೆ ಬೇಕಾಗಿತ್ತೋ ಅವರನ್ನೇ ಕೇಳ್ಲಿಲ್ಲ."

ಕಾಲು ಮಾಡುವ ವರ್ಕ್‌ಶಾಪಿನಲ್ಲಿ ಕಾಲಿಲ್ಲದವರನ್ನು ಒಂದು ಮಾತು ಕೇಳದೆ ನೆಲ ಆರಿಸಿದ ಬುದ್ಧಿವಂತರು ನಾವು. ಜಗಲಿಯ ಆ ಚೌಕಗಳ ಪಕ್ಕದಲ್ಲೇ ದಿನವೂ ಐದಾರು ಮಂದಿ ಊರುಗೋಲು ಹಿಡಿದು ತಮ್ಮ ಸರದಿಗಾಗಿ ಕೂತಿರುತ್ತಿದ್ದರು.

ಮರುದಿನ ಬೆಳಿಗ್ಗೆ ತಡೀರಪ್ಪನವರು ಉಜ್ಜುವ ಯಂತ್ರ ತಂದರು. ತಮ್ಮ ಕನ್ನಡಿಯ ಮೇಲೆ ಅದನ್ನು ಓಡಿಸಿದರು. ಹೊಳಪು ಮಸುಕಾಗುತ್ತ ಹೋಯಿತು, ಕಿಟಕಿ ಹೋಯಿತು, ಕಂಬಿ ಹೋಯಿತು, ಟ್ಯೂಬ್‌ಲೈಟು ಹೋಯಿತು. ಅವರ ಹೆಂಡತಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. "ಇಷ್ಟು ಚೆನ್ನಾಗಿ ಇವರಿಗೆ ಯಾವತ್ತೂ ಬಂದಿರ್ಲಿಲ್ಲ" ಎಂದು ನನ್ನ ಹತ್ತಿರ ಹೇಳಿ ಮೂಗು ಒರೆಸಿಕೊಂಡರು. ಗಂಡನ ಎದುರಿಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಆಮೇಲೆ ಐದು ಹಲಗೆಗಳ ಮೇಲೆ ಐದು ಬಗೆಯ ಮರಳು ಉದುರಿಸಿ, ಮೇಲೆ ಹೊಳಪಿಲ್ಲದ ಪಿಯು ಎಳೆದು ತಂದರು. ಪಿಯು ಎಂದರೆ ಇನ್ನೊಂದು ಜಾತಿಯ ರೆಸಿನ್, ಎಪಾಕ್ಸಿಗಿಂತ ಸ್ವಲ್ಪ ಬಾಗುವ ಗುಣದ್ದು. ಗೀರು ಬೀಳುವುದು ಕಡಿಮೆ, ಬಿಸಿಲಿಗೆ ಹಳದಿಯಾಗುವುದಿಲ್ಲ. ಹಲಗೆಗಳನ್ನು ನೇರವಾಗಿ ಸರದಿಯಲ್ಲಿ ಕೂತವರ ಕಾಲಬುಡಕ್ಕೆ ಒಯ್ದರು. ಅವರು ಊರುಗೋಲಿನ ತುದಿ ಊರಿ ನೋಡಿದರು, ರಬ್ಬರ್ ಪಾದ ಎಳೆದು ನೋಡಿದರು, ಬೆಳಕಿಗೆ ಓರೆ ಹಿಡಿದು ನೋಡಿದರು. ಮೊದಲನೆಯದು ತೀರಾ ನುಣುಪು. ಐದನೆಯದು ಎಷ್ಟು ಒರಟೆಂದರೆ ಪಾದದ ತುದಿಯನ್ನು ಹಿಡಿದುಕೊಂಡುಬಿಡುತ್ತಿತ್ತು. ಕೊನೆಗೆ ಹಲಗೆಗಳು ಚಿಕ್ಕಮ್ಮನ ಮುಂದೆ ಬಂದವು. ನಲವತ್ತು ವರ್ಷ ಬಟ್ಟೆ ಮುಟ್ಟಿ ನೋಡಿ ಆರಿಸಿದವಳು ಅವಳು. ಒಂದೊಂದನ್ನೂ ಅಂಗೈಯಿಂದ ಸವರಿ, ದೂರ ಹಿಡಿದು ನೋಡಿ, ಮೂರನೆಯದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇದು. ಆದ್ರೆ ಬಣ್ಣ ಬೇರೆ ಮಾಡಿ."

"ಯಾವ ಬಣ್ಣ ಅಕ್ಕಾ?"

"ನೋಡಿದ್ರೆ ಒಣಗಿದೆ ಅನ್ನಿಸ್ಬೇಕು. ಬೆಳಿಗ್ಗೆಯಿಂದ ಬಿಸಿಲು ಬಿದ್ದಿರೋ ಮಣ್ಣಿನ ಹಾಗೆ. ಎರಡೂ ಕಂಬಿ ಕೆಳಗೆ ಒಂದೊಂದು ಕಪ್ಪು ಪಟ್ಟಿ ಎಳೀರಿ, ದಾರಿ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗ್ಲಿ."

ತಡೀರಪ್ಪನವರು ಚೀಟಿ ತೆಗೆದು ಬರೆದುಕೊಂಡರು. ಯಾವ ಎಂಜಿನಿಯರು ಹೇಳಿದ್ದನ್ನೂ ಅವರು ಹಾಗೆ ಬರೆದುಕೊಂಡದ್ದಿಲ್ಲ ಎಂದು ಅವರ ಹೆಂಡತಿ ಆಮೇಲೆ ಹೇಳಿದರು.

ಆ ದಿನಗಳಲ್ಲಿ ನನಗೆ ತಡೀರಪ್ಪನವರ ಮುಖ ನೋಡಲಾಗುತ್ತಿರಲಿಲ್ಲ. ಕ್ಷಮೆ ಕೇಳುವುದೂ ಹೊಗಳುವುದರಷ್ಟೇ ಕಷ್ಟ ನನಗೆ. ಚಿಕ್ಕಮ್ಮನ ಹತ್ತಿರ ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟೆ, ಅವಳು ನನ್ನ ಕೂದಲಲ್ಲಿದ್ದ ಪ್ಲಾಸ್ಟರ್ ಪುಡಿ ಬಿಡಿಸಿದಳು, ಅಲ್ಲಿಗೆ ನಮ್ಮಿಬ್ಬರದು ಮುಗಿಯಿತು. ಇವರ ಹತ್ತಿರ ಹಾಗೆ ಮಾಡಲಾಗುತ್ತದೆಯೇ? ಮರಳಿನ ಚೀಲ ಇಳಿಸಿ, ಗೋಡೆ ಹಿಡಿದು ನರಳುತ್ತ ಏಳುತ್ತಿದ್ದವರನ್ನು ಹಿಂದಿನ ಕೋಣೆಗೆ ಕರೆದು, ಬೆಂಚಿನ ಮೇಲೆ ಕೂರಿಸಿ, ಎರಡೂ ಮೊಣಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತತೊಡಗಿದೆ.

"ತಡೀರಿ ತಡೀರಿ, ಇದೇನ್ ಮಾಡ್ತಿದ್ದೀರಾ? ತಣ್ಣಗೆ ಕೊರೀತಾ ಇದೆ!"

"ಇಲ್ಲಿ ತಡೀರಿ ಅನ್ನೋಳು ನಾನು. ಅಲ್ಲಾಡ್ಬೇಡಿ."

ಆ ಅಚ್ಚಿನಿಂದ ಅವರ ಮೊಣಕಾಲಿಗೆ ಸರಿಯಾಗಿ ಕೂರುವ ಎರಡು ಚಿಪ್ಪು ಮಾಡಿದೆ. ಒಳಗೆ ಮೆತ್ತೆ, ಹೊರಗೆ ನಮ್ಮ ರೆಸಿನ್, ಹಿಂದೆ ಕಟ್ಟಿಕೊಳ್ಳಲು ಪಟ್ಟಿ. ಎರಡನೆಯ ಸಲ ನೆಲ ಹಾಸುವಾಗ ಅದನ್ನೇ ಕಟ್ಟಿಕೊಂಡು ಕೆಲಸ ಮಾಡಿದರು. ಕೊನೆಯ ಮೂಲೆ ಮುಗಿಸಿ ಗೋಡೆ ಹಿಡಿಯದೆ ಎದ್ದು ನಿಂತವರು, ಎದ್ದದ್ದು ತಾವೇ ಹೌದೋ ಎಂದು ಹಿಂದೆ ತಿರುಗಿ ನೋಡಿದರು. ಅವರ ಹೆಂಡತಿ ಗಡಿಯಾರ ನೋಡುವುದನ್ನು ಮರೆತದ್ದರಿಂದ, ಕಲಸಿ ಬಹಳ ಹೊತ್ತಾಗಿದ್ದ ರೆಸಿನ್ ಬಕೆಟ್ಟಿನಲ್ಲೇ ತಾನಾಗಿ ಕಾದು ಹೊಗೆಯಾಡಿತು. ಆಕೆಯ ಕೈಯಲ್ಲಿ ರೆಸಿನ್ ಕೆಟ್ಟದ್ದು ಅದೇ ಮೊದಲಂತೆ.

ಮತ್ತೆ ಏಳು ದಿನ ಹಗ್ಗ. ಈ ಸಲ ನಾನು ಯಾರ ಮೇಲೂ ಕೂಗಲಿಲ್ಲ. ಕೆಲಸದವರು ನನಗೆ ಮೈ ಹುಷಾರಿಲ್ಲವೇನೋ ಎಂದುಕೊಂಡರು. ಡಾಕ್ಟರು ಹೇಳಿದ ಎರಡು ತಿಂಗಳಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಹಗ್ಗ ಬಿಚ್ಚಿದ ಬೆಳಿಗ್ಗೆ ನೆಲ ನೋಡಿದರೆ ಅಲ್ಲಿ ಮೆಚ್ಚುವಂಥದ್ದು ಏನೂ ಇರಲಿಲ್ಲ. ಬಿಸಿಲಿಗೆ ಬಿದ್ದ ಮಣ್ಣಿನ ಬಣ್ಣ, ಎರಡು ಕಪ್ಪು ಪಟ್ಟಿ. ಬೆಳಕು ಬಿದ್ದರೆ ಬಿದ್ದಲ್ಲೇ ಇಂಗುತ್ತಿತ್ತು. ಯಾರೂ ಅಲ್ಲಿ ನಿಂತು ತಲೆ ಬಾಚಿಕೊಳ್ಳುವ ಹಾಗಿರಲಿಲ್ಲ. ತಡೀರಪ್ಪನವರು ಮೊಣಕಾಲಿಗೆ ನನ್ನ ಚಿಪ್ಪು ಕಟ್ಟಿಕೊಂಡು ಹೋಗಿ ಕಂಬಿಯ ಆ ತುದಿಯಲ್ಲಿ, ಮೊದಲು ಗುಂಡಿಯಿದ್ದ ಜಾಗದ ಪಕ್ಕದಲ್ಲಿ, ಮಂಡಿಯೂರಿ ಕೂತರು. ಅಲ್ಲಿ ಅವರಿಗೆ ಮಾಡುವ ಕೆಲಸವೇನೂ ಇರಲಿಲ್ಲ.

ಚಿಕ್ಕಮ್ಮ ಕಂಬಿ ಹಿಡಿದಳು. ಕೆಳಗೆ ನೋಡಿದಳು. ನಾನು ಹಿಂದೆಯೇ ನಿಂತಿದ್ದೆ. ಎದ್ದಳು. ಮೊಣಕಾಲು ನೋಯುತ್ತಿದ್ದದ್ದು ಅವಳ ಕುತ್ತಿಗೆಯ ನರಗಳಲ್ಲಿ ಕಾಣುತ್ತಿತ್ತು. ಬಲಗಾಲು ಇಟ್ಟಳು. ರಬ್ಬರ್ ಪಾದ ಎತ್ತಿ, ಕಣ್ಣಲ್ಲೇ ನೆಲ ಅಳೆದು, ಊರಿದಳು. ಒಂದು ಸಣ್ಣ ಸದ್ದು ಬಂತು, ಊರಿದ ಪಾದ ಅಲ್ಲಾಡಲಿಲ್ಲ. ಮತ್ತೊಂದು ಹೆಜ್ಜೆ. ಮತ್ತೊಂದು. ಬಿದ್ದಿದ್ದ ಜಾಗದ ಹತ್ತಿರ ಬಂದಾಗ ನಿಂತುಬಿಟ್ಟಳು. ಸರದಿಯಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

ತಡೀರಪ್ಪನವರು ಆ ಜಾಗದ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿ, ಕೈ ತೆಗೆದರು.

"ಬನ್ನಿ ಅಕ್ಕಾ" ಎಂದರು.

ಚಿಕ್ಕಮ್ಮ ಅವರ ಕೈ ಇದ್ದ ಕಡೆಯೇ ಪಾದ ಇಟ್ಟಳು, ದಾಟಿದಳು, ಕಂಬಿಯ ಕೊನೆ ಮುಟ್ಟಿದಳು. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ಅವಳು ಸುಸ್ತಾಗಿದ್ದಾಳೆ, ಮೊದಲ ದಿನ ಇಷ್ಟು ಸಾಕು ಎಂದು ಅವಸರದಿಂದ ಕುರ್ಚಿ ಎಳೆದುಕೊಂಡು ಆ ತುದಿಗೆ ಓಡಿದೆ. "ಕೂತ್ಕೋ ಚಿಕ್ಕಮ್ಮಾ, ಕೂತ್ಕೋ" ಎಂದೆ. ತಡೀರಪ್ಪನವರೂ "ಹೌದು ಅಕ್ಕಾ, ಸಾಕು, ಕೂತ್ಕೊಳ್ಳಿ" ಎಂದರು.

ಚಿಕ್ಕಮ್ಮ ಬೆವರು ಒರೆಸಿಕೊಂಡು, ನಮ್ಮಿಬ್ಬರನ್ನೂ ನೋಡಿ, ಬಂದ ದಾರಿಯ ಕಡೆಗೆ ತಿರುಗಿಕೊಂಡಳು.

"ತಡೀರಿ" ಎಂದಳು. "ಇನ್ನೊಂದ್ಸಲ ಹೋಗಿ ಬರ್ತೀನಿ."